ಸಾಲುದೀಪದ ಹಿಂದಿನ ಡಬ್ಬಿ

ದೀಪಾವಳಿಗೆ ಇನ್ನೆರಡು ದಿನ ಇದೆ ಎನ್ನುವಾಗ ಅಟ್ಟದಿಂದ ಬಣ್ಣದ ದೀಪಗಳ ಸರವನ್ನು ಇಳಿಸಿ ಪ್ಲಗ್ಗಿಗೆ ಸಿಕ್ಕಿಸುತ್ತೀರಿ. ಒಂದೂ ಹತ್ತುವುದಿಲ್ಲ. ಮಳೆಗಾಲ ಕಳೆದ ಮೇಲೆ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಸೀಮೆಯ ಮನೆಗಳಲ್ಲಿ ಇದು ಅಪರೂಪವೇನಲ್ಲ. 'ಸೀರಿಯಲ್ ಸೆಟ್ ಹೋಯ್ತು' ಎಂದು ಅದನ್ನು ಕಸಕ್ಕೆ ಹಾಕುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಹೋದದ್ದು ದೀಪವೇ, ಅಥವಾ ದೀಪಕ್ಕೆ ವಿದ್ಯುತ್ತನ್ನು ಹದಮಾಡಿ ಕೊಡುವ ಡಬ್ಬಿಯೇ?

ಹಬ್ಬದ ದೀಪಕ್ಕೆ ಶಕ್ತಿ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಮಲೆನಾಡಿಗೆ ಹೊಸದಲ್ಲ. ದೀಪಾವಳಿಯ ರಾತ್ರಿ ಅಂಟಿಗೆ-ಪಂಟಿಗೆಯವರು ಹಾಡುತ್ತಾ ಮನೆಯಿಂದ ಮನೆಗೆ ದೀಪ ಒಯ್ಯುತ್ತಾರೆ. ಅದು ಆರಬಾರದು. ಪ್ರತಿ ಮನೆಯವರೂ ಅದಕ್ಕೆ ಎಣ್ಣೆ ಹೊಯ್ಯುತ್ತಾರೆ. ವಿಜ್ಞಾನದ ಮಾತಿನಲ್ಲಿ ಹೇಳುವುದಾದರೆ, ಆ ದೀಪದ ವಿದ್ಯುತ್ ಕೇಂದ್ರ ಇಡೀ ಊರೇ! ಎಣ್ಣೆ ತೀರಿದರೆ ಕಣ್ಣಿಗೆ ಕಾಣುತ್ತದೆ, ಸುರಿದರಾಯಿತು. ವಿದ್ಯುತ್ತಿನಲ್ಲಿ ಹಾಗೆ ಕಾಣುವುದಿಲ್ಲ, ತೊಡಕೆಲ್ಲ ಅಲ್ಲಿಯೇ.

1882ರ ಡಿಸೆಂಬರಿನಲ್ಲಿ ಎಡಿಸನ್ನನ ಸಹೋದ್ಯೋಗಿ ಎಡ್ವರ್ಡ್ ಜಾನ್ಸನ್ ನ್ಯೂಯಾರ್ಕಿನ ತನ್ನ ಮನೆಯಲ್ಲಿ ಕ್ರಿಸ್‌ಮಸ್ ಮರಕ್ಕೆ ಕೆಂಪು, ಬಿಳಿ, ನೀಲಿ ಬಣ್ಣದ 80 ಬಲ್ಬುಗಳನ್ನು ಕಟ್ಟಿದ. ವಿದ್ಯುತ್ತಿನ ಹಬ್ಬದ ಸಾಲುದೀಪ ಶುರುವಾದದ್ದು ಅಲ್ಲಿಂದ. ಅದಾಗಿ ಇಪ್ಪತ್ತು ವರ್ಷಕ್ಕೆ, 1902ರಲ್ಲಿ, ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿತು. ನೀರು ಸುರಿಯುವ ಮಲೆನಾಡಿನಲ್ಲಿ ಜೋಗದ ವಿದ್ಯುದಾಗಾರ ಆರಂಭವಾದದ್ದು 1948ರಲ್ಲಿ. ಕಳಸದ ಬಳಿ ಹರಿಯುವ ಭದ್ರೆಗೂ ಲಕ್ಕವಳ್ಳಿಯಲ್ಲಿ ಅಣೆಕಟ್ಟು ಕಟ್ಟಿ ವಿದ್ಯುತ್ ತೆಗೆದರು. ಆದರೆ ತಂತಿ ಮೊದಲು ತಲುಪಿದ್ದು ಪೇಟೆಗಳನ್ನು. ಕಾಡಿನಂಚಿನ ಒಂಟಿಮನೆಗಳಲ್ಲಿ ಮದುವೆಗೂ ಹಬ್ಬಕ್ಕೂ ಬಹುಕಾಲ ಗ್ಯಾಸ್‌ಲೈಟೇ ಗತಿಯಾಗಿತ್ತು.

ತಂತಿ ಬಂದ ಮೇಲೆ ಬಂದ ಸೀರಿಯಲ್ ಸೆಟ್ ಬುದ್ಧಿವಂತ ಉಪಾಯ. ನಮ್ಮ ಮನೆಯ ವಿದ್ಯುತ್ತು 230 ವೋಲ್ಟ್. ಪುಟ್ಟ ಬಲ್ಬು ತಾಳುವುದು 6 ವೋಲ್ಟ್. ಒಂದರ ಹಿಂದೊಂದು 38 ಬಲ್ಬು ಪೋಣಿಸಿ: 38 × 6 = 228. ಬಲ್ಬುಗಳೇ ವೋಲ್ಟೇಜನ್ನು ಹಂಚಿಕೊಂಡವು, ಡಬ್ಬಿಯೇ ಬೇಡವಾಯಿತು. ಒಂದು ಬಲ್ಬಿನ ತಂತು ಕಡಿದರೆ ಇಡೀ ಸರ ಕತ್ತಲು, ನಿಜ. ಆದರೆ ಕೆಟ್ಟ ಬಲ್ಬನ್ನು ತಾಳ್ಮೆಯಿಂದ ಹುಡುಕಿ ಬದಲಿಸಬಹುದಿತ್ತು. ಇಲ್ಲೊಂದು ಅಪಾಯವೂ ಅಡಗಿತ್ತು: ಸರ ಕಡಿದ ಜಾಗದ ಎರಡು ತುದಿಗಳ ನಡುವೆ 6 ವೋಲ್ಟ್ ಅಲ್ಲ, ಪೂರ್ತಿ 230 ವೋಲ್ಟ್ ನಿಂತಿರುತ್ತದೆ.

1962ರಲ್ಲಿ ನಿಕ್ ಹೋಲೋನ್ಯಾಕ್ ಕಣ್ಣಿಗೆ ಕಾಣುವ ಕೆಂಪು ಬೆಳಕಿನ ಎಲ್‌ಇಡಿ ತೋರಿಸಿದರು. ಪ್ರಖರವಾದ ನೀಲಿಗೆ 1990ರ ದಶಕದವರೆಗೆ ಕಾಯಬೇಕಾಯಿತು. ಅದನ್ನು ಸಾಧಿಸಿದ ಅಕಸಾಕಿ, ಅಮಾನೊ, ನಕಮುರ 2014ರ ನೊಬೆಲ್ ಪಡೆದರು. ಎಲ್‌ಇಡಿಗೆ ಬೇಕಾದದ್ದು ಎರಡು ಮೂರು ವೋಲ್ಟಿನ ಏಕಮುಖ ವಿದ್ಯುತ್ತು. ಹಾಗಾಗಿ ಹಲವು ಸರಗಳಿಗೆ ಅಡಾಪ್ಟರ್ ಎಂಬ ಡಬ್ಬಿ ಬಂತು. ದೀಪ ವರ್ಷಗಟ್ಟಲೆ ಬಾಳುತ್ತದೆ. ದುರ್ಬಲ ಕೊಂಡಿ ಈಗ ಡಬ್ಬಿ. ಕೆಡುವ ಜಾಗ ಬದಲಾಯಿತು, ನಾವು ಮಾತ್ರ ಇನ್ನೂ ದೀಪವನ್ನೇ ಬೈಯುತ್ತೇವೆ.

ಮಲೆನಾಡಿನಲ್ಲಿ ಡಬ್ಬಿಗೆ ಶತ್ರುಗಳು ಹಲವರು. ತಿಂಗಳುಗಟ್ಟಲೆ ತೇವ, ಒಳಗೆ ಗೂಡು ಮಾಡುವ ಇರುವೆ, ಮರಗಳ ನಡುವೆ ಹಾದುಬರುವ ಉದ್ದನೆಯ ತಂತಿಯಲ್ಲಿ ವೋಲ್ಟೇಜಿನ ಏರಿಳಿತ. ಎಲ್ಲಕ್ಕಿಂತ ಮಿಗಿಲಾಗಿ ಸಿಡಿಲು. ದೀಪಾವಳಿಯ ಆಸುಪಾಸಿನಲ್ಲಿಯೇ ಹಿಂಗಾರಿನ ಗುಡುಗುಮಳೆ. ಒಳಗಿನ ಕೆಪಾಸಿಟರು ಬಿಸಿಗೂ ಒಣಗುತ್ತದೆ: ಶಾಖ 10 ಡಿಗ್ರಿ ಹೆಚ್ಚಿದರೆ ಅದರ ಆಯುಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ.

ಈಗ ಬದಲಿಸುವ ಮಾತು. ಮೊದಲು ಪ್ಲಗ್ ಪಾಯಿಂಟಿನಲ್ಲಿ ಬೇರೆ ದೀಪ ಹತ್ತುತ್ತದೆಯೇ ನೋಡಿ. ಹತ್ತಿದರೆ ಡಬ್ಬಿಯ ಬೆನ್ನಿನ ಸಣ್ಣಕ್ಷರ ಓದಿ. 'ಇನ್‌ಪುಟ್' ಬಿಡಿ, ನಿಮಗೆ ಬೇಕಾದದ್ದು 'ಔಟ್‌ಪುಟ್'. ಅಲ್ಲಿ 24 ವೋಲ್ಟ್, 0.25 ಆಂಪಿಯರ್ ಎಂದಿದೆ ಎನ್ನೋಣ. ಹೊಸ ಡಬ್ಬಿಯೂ 24 ವೋಲ್ಟಿನದೇ ಆಗಿರಬೇಕು. ಆಂಪಿಯರ್ ಅಷ್ಟೇ ಇರಲಿ ಅಥವಾ ಹೆಚ್ಚಿರಲಿ, ಕಡಿಮೆ ಬೇಡ. ಹೆಚ್ಚು ಆಂಪಿಯರಿನ ಡಬ್ಬಿ ದೀಪವನ್ನು ಸುಡುತ್ತದೆ ಎಂದು ಹಲವರು ಹೆದರುತ್ತಾರೆ. ವೋಲ್ಟೇಜ್ ಸ್ಥಿರವಾಗಿ ಕೊಡುವ ಡಬ್ಬಿಯಲ್ಲಿ ಸರ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಬಾವಿ ದೊಡ್ಡದಾದ ಮಾತ್ರಕ್ಕೆ ಕೊಡದಲ್ಲಿ ಹೆಚ್ಚು ನೀರು ಹಿಡಿಯುವುದಿಲ್ಲವಷ್ಟೆ. ವೋಲ್ಟೇಜ್ ಹೆಚ್ಚಾದರೆ ಮಾತ್ರ ಸರ ಸುಟ್ಟೀತು.

ಅಂಕಿಯ ಪಕ್ಕದ ಗುರುತನ್ನೂ ನೋಡಿ. ನೆಟ್ಟನೆಯ ಗೆರೆ, ಅದರಡಿ ತುಂಡು ಗೆರೆಗಳಿದ್ದರೆ ಡಿಸಿ. ಅಲೆಯಂಥ ಗೆರೆ ಎಸಿ. ಒಂದರ ಬದಲು ಇನ್ನೊಂದು ಸಲ್ಲದು. ಡಿಸಿಯಾದರೆ ಪಿನ್ನಿನ ಧನ-ಋಣ ದಿಕ್ಕೂ ಹೊಂದಬೇಕು. ಮಿಣುಕುವ ಸರಗಳಲ್ಲಿ ಮಿಣುಕಿಸುವ ಸಾಧನ ಕೆಲವೊಮ್ಮೆ ಡಬ್ಬಿಯೊಳಗೇ ಇರುತ್ತದೆ. ಅಂಥದಕ್ಕೆ ಅದೇ ಮಾದರಿಯ ಡಬ್ಬಿಯೇ ಬೇಕು. ಅಂಗಡಿಯಲ್ಲಿ ಭಾರತೀಯ ಮಾನಕ ಬ್ಯೂರೋದ ಗುರುತು ಕೇಳಿ, ಅಂಗಳದಲ್ಲಿ ಕಟ್ಟುವುದಾದರೆ ಡಬ್ಬಿಯನ್ನು ಸೂರಿನ ಒಳಗಿಡಿ.

ಡಬ್ಬಿಯ ಮೇಲೆ ಕಡಿಮೆ ವೋಲ್ಟೇಜಿನ 'ಔಟ್‌ಪುಟ್' ಬರೆದಿಲ್ಲವೇ? ಹಾಗಾದರೆ ಕೈ ಹಾಕಬೇಡಿ. ಅಗ್ಗದ ಎಷ್ಟೋ ಎಲ್‌ಇಡಿ ಸರಗಳಲ್ಲಿ ಆ ಡಬ್ಬಿ ಬರೀ ಮಿಣುಕಿಸುವ ಸಾಧನ. ತಂತಿಯ ತುಂಬ 230 ವೋಲ್ಟೇ ಹರಿಯುತ್ತಿರುತ್ತದೆ. ಯಾವ ಡಬ್ಬಿಯನ್ನೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರು ಸ್ವಲ್ಪ ಹೊತ್ತು ವಿದ್ಯುತ್ತನ್ನು ಹಿಡಿದಿರುತ್ತದೆ.

ಹೊಸ ಡಬ್ಬಿ ಹಾಕಿದ ಮೇಲೆ ಸರವನ್ನು ನೆಲದಲ್ಲಿ ಹರಡಿ ಅರ್ಧ ಗಂಟೆ ಉರಿಸಿ, ಸ್ವಿಚ್ ಆರಿಸಿ, ಡಬ್ಬಿಯನ್ನು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಚಿಂತೆಯಿಲ್ಲ. ಕೈ ಇಡಲಾರದಷ್ಟು ಬಿಸಿಯಿದ್ದರೆ ಅಂಗಡಿಗೆ ಹಿಂದಿರುಗಿಸಿ, ಹಬ್ಬಕ್ಕೆ ಇನ್ನೂ ಎರಡು ದಿನವಿದೆ.