ಓಷಧಿ, ಔಷಧ, ಔಷಧಿ: ಒಂದು ಶಬ್ದವಿಚಾರ

ನಾಸಿಕದಲ್ಲಾಗಲಿ ಛತ್ರಪತಿ ಸಂಭಾಜಿನಗರದಲ್ಲಾಗಲಿ ನೆಲೆಸಿದ ಕನ್ನಡಿಗನು ಮನೆಯ ಮಾತಿನಲ್ಲಿ ‘ಔಷಧಿ’ ಎನ್ನುವುದನ್ನು ಅವನ ನೆರೆಯ ಮರಾಠಿಗನು ‘ಔಷಧ’ ಎನ್ನುತ್ತಾನೆ. ಮರಾಠಿಯಲ್ಲಿ ‘ಔಷಧೀ’ ಎಂಬುದು ವಿಶೇಷಣ. ‘ಔಷಧೀ ವನಸ್ಪತಿ’ ಎಂದರೆ ಮದ್ದಿಗೆ ಒದಗುವ ಸಸ್ಯ. ಒಂದೇ ಮೂಲದ ಶಬ್ದವು ನೆರೆಭಾಷೆಗಳೆರಡರಲ್ಲಿ ಹೀಗೆ ಬೇರೆಬೇರೆ ಕಾರ್ಯಕ್ಕೆ ನಿಂತಿರುವಾಗ, ಕನ್ನಡದ ರೂಪವು ಸಾಧುವೇ ಅಸಾಧುವೇ ಎಂಬ ಪ್ರಶ್ನೆ ವಿಚಾರಾರ್ಹವಾಗಿದೆ.

ಮೂಲಶಬ್ದ ‘ಓಷಧಿ’, ಅದು ಸ್ತ್ರೀಲಿಂಗ. ದಹನಾರ್ಥದ ‘ಉಷ್’ ಧಾತುವಿನಿಂದ ‘ಓಷ’ ಎಂದಾಗಿ, ಅದರ ಮುಂದೆ ‘ಧಾ’ ಧಾತುವಿಗೆ ‘ಕಿ’ ಪ್ರತ್ಯಯ ಸೇರಿ ಈ ರೂಪ ಸಿದ್ಧಿಸುತ್ತದೆಂದು ವೈಯಾಕರಣರ ಮತ. ‘ಜಲಧಿ’ ಎಂಬುದರ ರಚನೆಯೂ ಇದೇ. ಓಷವೆಂದರೆ ಪಾಕ, ಅದನ್ನು ಧರಿಸಿದ್ದು ಓಷಧಿ ಎಂದು ವ್ಯಾಖ್ಯಾನಕಾರರು ಅರ್ಥ ಹೇಳುತ್ತಾರೆ. ಫಲ ಮಾಗಿದೊಡನೆ ಬಾಳು ಮುಗಿಯುವ ಸಸ್ಯವೇ ಓಷಧಿಯೆಂಬ ಚರಕಸಂಹಿತೆಯ ಹಾಗೂ ಅಮರಕೋಶದ ಲಕ್ಷಣಕ್ಕೆ ಇದು ಹೊಂದುತ್ತದೆ. ಈ ಲಕ್ಷಣದಂತೆ ಭತ್ತವೂ ಓಷಧಿಯೇ. ಯಾಸ್ಕನಾದರೋ ಹೀರುವುದೆಂಬ ಅರ್ಥದ ಧಾತುವನ್ನು ಹಿಡಿದು, ದೇಹದ ಉರಿಯನ್ನೋ ದೋಷವನ್ನೋ ಹೀರುವಂಥದೆಂದು ನಿರ್ವಚಿಸಿದನು. ಆಧುನಿಕ ನಿರುಕ್ತಿಕಾರರಲ್ಲಿ ಈ ವಿಷಯದಲ್ಲಿ ಒಮ್ಮತವಿಲ್ಲ.

ಪಾಣಿನಿಯು ಐದನೆಯ ಅಧ್ಯಾಯದಲ್ಲಿ (5.4.37) ಇನ್ನೊಂದು ವಿವೇಕವನ್ನು ಮಾಡಿದ್ದಾನೆ. ಸಸ್ಯಜಾತಿಯನ್ನು ಹೇಳುವಾಗ ‘ಓಷಧಿ’. ಜಾತಿಯಲ್ಲದ ಅರ್ಥದಲ್ಲಿ ‘ಅಣ್’ ಪ್ರತ್ಯಯ ಬಂದು ‘ಔಷಧ’. ಬೆಳೆದು ನಿಂತ ಗಿಡ ಓಷಧಿ. ರೋಗಿಯ ಕೈಗೆ ಬಂದ ಕಷಾಯ ಔಷಧ.

ಈ ವಿವೇಕದ ಎರಡು ಮುಖಗಳನ್ನೂ, ಎಂದರೆ ವ್ಯಾಕರಣವನ್ನೂ ವೈದ್ಯವನ್ನೂ, ಬಲ್ಲ ಪಂಡಿತನೊಬ್ಬನು ಈ ಪ್ರದೇಶದಲ್ಲಿಯೇ ಬಾಳಿದನು. ನಾಸಿಕ ಜಿಲ್ಲೆಯ ಸಿನ್ನರದಲ್ಲಿ ಮೊದಲು ನೆಲೆಗೊಂಡಿದ್ದ ಸೇವುಣರು ಐದನೆಯ ಭಿಲ್ಲಮನ ಕಾಲದಲ್ಲಿ, 12ನೆಯ ಶತಮಾನದ ಕೊನೆಯಲ್ಲಿ, ಸಂಭಾಜಿನಗರದ ಸಮೀಪದ ದೇವಗಿರಿಯನ್ನು ರಾಜಧಾನಿಯಾಗಿಸಿಕೊಂಡರು. ಇವರ ಶಾಸನಗಳಲ್ಲಿ ಬಹುಸಂಖ್ಯೆಯವು ಕನ್ನಡದವು. ಮಹಾದೇವ (1261–1271) ಮತ್ತು ರಾಮಚಂದ್ರರ ಮಂತ್ರಿಯಾದ ಹೇಮಾದ್ರಿಯು ಅಷ್ಟಾಂಗಹೃದಯಕ್ಕೆ ‘ಆಯುರ್ವೇದರಸಾಯನ’ವೆಂಬ ವ್ಯಾಖ್ಯಾನವನ್ನು ಬರೆದನು. ಅವನ ಆಶ್ರಯದಲ್ಲಿದ್ದ ಬೋಪದೇವನು ವೈದ್ಯನಾದ ಕೇಶವನ ಮಗ. ‘ಮುಗ್ಧಬೋಧ’ವೆಂಬ ವ್ಯಾಕರಣವನ್ನೂ ‘ಹೃದಯದೀಪಕ’ವೆಂಬ ದ್ರವ್ಯನಿಘಂಟನ್ನೂ ರಚಿಸಿದ ಈತನು ತಂದೆಯ ‘ಸಿದ್ಧಮಂತ್ರ’ಕ್ಕೂ ವ್ಯಾಖ್ಯಾನ ಬರೆದನು. ಗಿಡದ ಹೆಸರು ತಪ್ಪಿದರೆ ಮದ್ದೇ ತಪ್ಪುವುದಾದ್ದರಿಂದ ವೈದ್ಯನಿಗೆ ಶಬ್ದಶುದ್ಧಿಯು ಅಲಂಕಾರವಲ್ಲ, ಅವಶ್ಯಕತೆ.

ಅದೇ 13ನೆಯ ಶತಮಾನದಲ್ಲಿ ಕನ್ನಡ ನಾಡಿನಲ್ಲಿ ಕೇಶಿರಾಜನು ‘ಶಬ್ದಮಣಿದರ್ಪಣ’ವನ್ನು ರಚಿಸಿ, ಸಂಸ್ಕೃತ ಶಬ್ದಗಳು ಕನ್ನಡಕ್ಕೆ ಬಂದಾಗ ತಾಳುವ ವಿಕಾರಗಳಿಗೆ ಒಂದು ಪ್ರಕರಣವನ್ನೇ ಮೀಸಲಿಟ್ಟನು. ಶಬ್ದವು ಗಡಿ ದಾಟಿದಾಗ ರೂಪ ಬದಲಾಗುವುದು ದೋಷವಲ್ಲ, ಭಾಷೆಯ ಸ್ವಭಾವವೆಂಬುದು ಇದರಿಂದ ವಿದಿತವಾಗುತ್ತದೆ. ಆದಕಾರಣ ಓಷಧಿಯ ಇಕಾರವನ್ನೂ ಔಷಧದ ಔಕಾರವನ್ನೂ ಒಂದಾಗಿಸಿಕೊಂಡಂತಿರುವ ‘ಔಷಧಿ’ಯನ್ನು ಆಡುಮಾತಿನಿಂದ ಹೊರದೂಡಬೇಕಾಗಿಲ್ಲ.

ಚಿಂತೆಯ ಸಂಗತಿ ಬೇರೊಂದಿದೆ. ‘ಔಷಧಿ’ಯು ಎಲ್ಲೆಡೆ ಹಬ್ಬಿದಂತೆ ‘ಓಷಧಿ’ಯು ಬರಹದಿಂದಲೂ ಮರೆಯಾಗುತ್ತಿದೆ. ಮರಾಠಿಯು ‘ವನಸ್ಪತಿ’ಯನ್ನು ಜೊತೆಗಿರಿಸಿಕೊಂಡು ಗಿಡವನ್ನೂ ಮದ್ದನ್ನೂ ಬೇರೆಯಾಗಿ ಉಳಿಸಿಕೊಂಡಿದೆ. ಕನ್ನಡದಲ್ಲಿ ‘ಗಿಡಮೂಲಿಕೆ’ಯೂ ‘ಮದ್ದು’ ಎಂಬ ಅಚ್ಚ ನುಡಿಯೂ ಬಳಕೆಯಲ್ಲಿವೆ. ಶಾಸ್ತ್ರಗ್ರಂಥಗಳಲ್ಲಿಯಾದರೂ ‘ಓಷಧಿ’ಯನ್ನು ಗಿಡಕ್ಕೆಂದೇ ಕಾಯ್ದಿಟ್ಟುಕೊಳ್ಳುವುದು ಲೇಸು. ಸೀಸೆಯೊಳಗಿನ ಮದ್ದಿಗೂ ಹೊಲದಲ್ಲಿ ಬೆಳೆದ ಗಿಡಕ್ಕೂ ಹೆಸರು ಒಂದೇ ಆದಾಗ, ಮೊದಲು ಮರೆವಿಗೆ ಸಲ್ಲುವುದು ಗಿಡವೇ.