ಒಣನಾಡಿನ ವಿಹಾರ: ನಾಲವಾರದ ಎರೆಭೂಮಿ ಮತ್ತು ಗಾಲ್ಫಿನ ಹಸಿರು

ಮರುಭೂಮಿಯಲ್ಲಿ ಗಾಲ್ಫ್ ಆಡಿ, ರೆಸಾರ್ಟಿನಲ್ಲಿ ತಂಗುವ ರಜೆಗೆ ಇಂದು ದುಬೈ ಹೆಸರಾಗಿದ್ದರೂ ಅಲ್ಲಿ ಹುಲ್ಲು ಹಾಸಿನ ಎಮಿರೇಟ್ಸ್ ಗಾಲ್ಫ್ ಕ್ಲಬ್ ತೆರೆದದ್ದು 1988ರಲ್ಲಿ. ಅದಕ್ಕೂ ಮುನ್ನ ಕೊಲ್ಲಿಯ ಆಟಗಾರರು ಚೆಂಡನ್ನು ಕುಳಿಗೆ ಉರುಳಿಸುವ ಅಂಗಳವನ್ನು ಎಣ್ಣೆ ಬೆರೆಸಿ ಗಟ್ಟಿಗೊಳಿಸಿದ ಮರಳಿನಿಂದ ಮಾಡಿಕೊಳ್ಳುತ್ತಿದ್ದರು, ಇಂಥ ಅಂಗಳಕ್ಕೆ 'ಬ್ರೌನ್' ಎಂದು ಹೆಸರು.

ಕರ್ನಾಟಕದಲ್ಲಿ ಈ ಆಟ ಬ್ರಿಟಿಷರ ದಂಡು ಮತ್ತು ಕಂಪನಿಗಳ ಬೆನ್ನಿಗೇ ಬಂದಿತು. ಬೆಂಗಳೂರು ಗಾಲ್ಫ್ ಕ್ಲಬ್ 1876ರಲ್ಲಿ ಸ್ಥಾಪನೆಯಾಯಿತು. ಜಾನ್ ಟೇಲರ್ ಮತ್ತು ಪುತ್ರರ ಕಂಪನಿ ನಡೆಸುತ್ತಿದ್ದ ಕೋಲಾರದ ಚಿನ್ನದ ಗಣಿಯ ಊರಿನಲ್ಲಿಯೂ ಅಧಿಕಾರಿಗಳಿಗಾಗಿ ಗಾಲ್ಫ್ ಮೈದಾನ ಸಿದ್ಧವಾಯಿತು. ಮಳೆ ಕಡಿಮೆಯಾದ ಆ ಸೀಮೆಗೆ ನೀರು ಬೇತಮಂಗಲದಿಂದ ಬರಬೇಕಿತ್ತು.

ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನ ನಾಲವಾರಕ್ಕೆ ಹೊರಜಗತ್ತಿನ ಸಂಪರ್ಕ ಕರ್ನಾಟಕದ ಈ ಗಾಲ್ಫ್ ಮೈದಾನಗಳಿಗಿಂತ ತುಸು ಮೊದಲೇ ಒದಗಿತ್ತು. ಮುಂಬಯಿಯಿಂದ ಹೊರಟ ರೈಲುಮಾರ್ಗವು ವಾಡಿ, ನಾಲವಾರ, ಯಾದಗಿರಿಗಳ ಮೂಲಕ ಸಾಗಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಮಾರ್ಗವನ್ನು ಕೂಡಿತು, 1874ರಲ್ಲಿ ವಾಡಿಯಿಂದ ಹೈದರಾಬಾದಿನ ಕವಲೂ ತೆರೆಯಿತು. ಆದರೆ ನಿಜಾಮರ ಆಳ್ವಿಕೆಯ ಈ ಸೀಮೆಯಲ್ಲಿ ರೈಲು ಬೆಳೆಸಿದ್ದು ಶಹಾಬಾದಿನ ಹಾಸುಗಲ್ಲು ಮತ್ತು ಸಿಮೆಂಟಿನ ವ್ಯವಹಾರವನ್ನೇ ಹೊರತು ವಿಹಾರವನ್ನಲ್ಲ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಮಳೆಗಾಲದಲ್ಲಿ ಕಾಲಿಗಂಟುವ ಎರೆಮಣ್ಣು ಗಾಲ್ಫಿಗೆ ಒಗ್ಗುವ ನೆಲವೂ ಅಲ್ಲ.

ವಿಹಾರವೇ ಇಲ್ಲಿ ಇರಲಿಲ್ಲವೆಂದು ಇದರಿಂದ ತಿಳಿಯಬಾರದು. ಚಿತ್ತಾಪುರ, ಸೇಡಂ ಸೀಮೆಯ ಒಕ್ಕಲು ಮನೆಗಳು ಎಳ್ಳಮಾವಾಸ್ಯೆಯಂದು ಬಂಧುಬಳಗದೊಡನೆ ಬಂಡಿ ಹೂಡಿಕೊಂಡು ಹೊಲಕ್ಕೆ ಹೋಗಿ, ಭೂತಾಯಿಗೆ ಪೂಜೆ ಸಲ್ಲಿಸಿ, ಎಡೆಯ ಅಡುಗೆಯನ್ನು ಪೈರಿನ ನಡುವೆ ಎರಚುವ 'ಚರಗ ಚೆಲ್ಲುವ' ವಿಧಿ ಮುಗಿಸಿ, ಸಜ್ಜೆಯ ರೊಟ್ಟಿ, ಕಾಳುಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ, ಹೋಳಿಗೆ, ಅಂಬಲಿಗಳನ್ನು ಅಲ್ಲಿಯೇ ಸಾಲಾಗಿ ಕುಳಿತು ಉಣ್ಣುವ ಪದ್ಧತಿ ಹಳೆಯದು. ಇಂದು ಬಂಡಿಯ ಜಾಗಕ್ಕೆ ಟ್ರ್ಯಾಕ್ಟರ್ ಬಂದಿದೆ, ಕರೆಯದೆಯೇ ಬಂದವರಿಗೂ ಊಟವುಂಟು. ಈ ಹಬ್ಬ ಬೀಳುವ ಡಿಸೆಂಬರ್–ಜನವರಿಯಲ್ಲಿ ಹಿಂಗಾರಿ ಜೋಳ, ಕಡಲೆ, ಕುಸುಬೆಗಳು ಮಣ್ಣಿನಲ್ಲಿ ಉಳಿದ ತೇವದಿಂದಲೇ ಹಸಿರಾಗಿರುತ್ತವೆ. ಗಾಲ್ಫ್ ಮೈದಾನವು ವರ್ಷವಿಡೀ ನೀರು ತರಿಸಿ ಹಸಿರನ್ನು ಹಿಡಿದಿಟ್ಟರೆ, ಇಲ್ಲಿನವರು ನೆಲ ತಾನಾಗಿ ಹಸಿರಾದ ದಿನವನ್ನೇ ಆರಿಸಿಕೊಂಡರು, ಇದು ಬಡತನದ ಅನಿವಾರ್ಯವಷ್ಟೇ ಅಲ್ಲ, ಋತುವಿನ ಲೆಕ್ಕಾಚಾರವೂ ಹೌದು.

ಪ್ರವಾಸವೆಂಬ ಹೊಸ ಅರ್ಥದ ವಿಹಾರ ಈ ಭಾಗಕ್ಕೆ ಬಂದದ್ದು ಚಿಂಚೋಳಿಯ ಕಾಡಿನ ದಾರಿಯಲ್ಲಿ. ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಜೀವಿಧಾಮವೆಂದು ಹೆಸರಾದ, ಸುಮಾರು 135 ಚದರ ಕಿಲೋಮೀಟರ್ ವಿಸ್ತಾರದ ಈ ಅರಣ್ಯವನ್ನು 2011ರಲ್ಲಿ ಸರ್ಕಾರ ಅಭಯಾರಣ್ಯವೆಂದು ಘೋಷಿಸಿತು. ಚಂದ್ರಂಪಳ್ಳಿ ಜಲಾಶಯ ಅದರೊಳಗೇ ಇದೆ, ಎತ್ತಿಪೋತ ಜಲಪಾತವೂ ಇದೇ ತಾಲ್ಲೂಕಿನದು. ಜಲಪಾತ ತುಂಬಿ ಧುಮುಕುವುದು ಮಳೆಗಾಲದಲ್ಲಿ ಮಾತ್ರವಾದುದರಿಂದ, ಕಲಬುರಗಿಯಿಂದ ಬರುವವರು ತಮ್ಮ ರಜೆಯನ್ನು ಮುಂಗಾರಿಗೆ ಹೊಂದಿಸಿಕೊಳ್ಳಬೇಕಾಗುತ್ತದೆ.