ಕಂಪನಿಯ ಆರೋಗ್ಯ: ಷೇರು ಬೆಲೆಗಿಂತ ಲೆಕ್ಕಪತ್ರ ಮುಖ್ಯ

ಷೇರು ಕೊಳ್ಳುವ ಮುನ್ನ ಬಹುತೇಕ ಸಣ್ಣ ಹೂಡಿಕೆದಾರರು ವಿಚಾರಿಸುವುದು ಅದರ ಬೆಲೆ ಏರುತ್ತಿದೆಯೇ, ಇಳಿಯುತ್ತಿದೆಯೇ ಎಂಬುದನ್ನು. ಕಂಪನಿ ನಿಜಕ್ಕೂ ಗಳಿಸುತ್ತಿದೆಯೇ, ಮಾಡಿದ ಸಾಲ ತೀರಿಸುವ ಶಕ್ತಿ ಅದಕ್ಕಿದೆಯೇ ಎಂಬ ಪ್ರಶ್ನೆ ಹಿಂದೆ ಉಳಿಯುತ್ತದೆ. ಕಂಪನಿಯ ಲೆಕ್ಕಪತ್ರಗಳಲ್ಲೇ ಇದಕ್ಕೆ ಉತ್ತರ ಹುಡುಕುವ ಕ್ರಮಕ್ಕೆ 'ಮೂಲಭೂತ ವಿಶ್ಲೇಷಣೆ' ಎಂದು ಹೆಸರು. ಅಮೆರಿಕದ ಬೆಂಜಮಿನ್ ಗ್ರಹಾಂ ಮತ್ತು ಡೇವಿಡ್ ಡಾಡ್ 1934ರಲ್ಲಿ ಪ್ರಕಟಿಸಿದ ಗ್ರಂಥ ಇದಕ್ಕೊಂದು ಶಾಸ್ತ್ರದ ರೂಪ ನೀಡಿತು.

ಇದಕ್ಕೆ ಬೇಕಾದ ಮಾಹಿತಿ ಗುಟ್ಟಿನದೇನಲ್ಲ. ಷೇರುಪೇಟೆಯಲ್ಲಿ ನೋಂದಾಯಿತವಾದ ಪ್ರತಿ ಕಂಪನಿಯೂ ತ್ರೈಮಾಸಿಕ ಫಲಿತಾಂಶ ಹಾಗೂ ವಾರ್ಷಿಕ ವರದಿಯನ್ನು ಪ್ರಕಟಿಸಲೇಬೇಕು. ವರ್ಷದ ಗಳಿಕೆಯನ್ನು ಲಾಭ-ನಷ್ಟದ ಪಟ್ಟಿಯೂ, ಆಸ್ತಿ ಮತ್ತು ಸಾಲಗಳನ್ನು ಬ್ಯಾಲೆನ್ಸ್ ಶೀಟ್ ಕೂಡ ತಿಳಿಸುತ್ತವೆ. ಮೂರನೆಯದು ನಗದು ಹರಿವಿನ ಪಟ್ಟಿ. ಇದನ್ನು ಓದುವವರು ಕಡಿಮೆ, ಆದರೆ ಹೆಚ್ಚು ನೆರವಿಗೆ ಬರುವುದು ಇದೇ. ಸರಕನ್ನು ಸಾಲಕ್ಕೆ ಮಾರಿದರೂ ಪುಸ್ತಕದಲ್ಲಿ ಲಾಭ ದಾಖಲಾಗುತ್ತದೆ. ಹಣ ಕೈಸೇರಿತೇ ಎಂಬುದು ತಿಳಿಯುವುದು ನಗದಿನ ಲೆಕ್ಕದಲ್ಲಿ. ವರ್ಷವರ್ಷವೂ ಲಾಭ ಏರುತ್ತಿದ್ದು, ವಹಿವಾಟಿನಿಂದ ಬರುವ ನಗದು ಮಾತ್ರ ಏರದಿದ್ದರೆ ಎಚ್ಚರ ಅಗತ್ಯ.

ಲೆಕ್ಕಪತ್ರ ಎಷ್ಟು ಮುಂಚಿತವಾಗಿ ಸುಳಿವು ನೀಡಬಲ್ಲದು ಎಂಬುದಕ್ಕೆ ಬೆಂಗಳೂರಿನ ಕಿಂಗ್‌ಫಿಷರ್ ಏರ್‌ಲೈನ್ಸ್ ನಿದರ್ಶನ. 2005ರಲ್ಲಿ ಹಾರಾಟ ಆರಂಭಿಸಿದ ಈ ಸಂಸ್ಥೆ ಒಂದು ವರ್ಷವೂ ಲಾಭ ಕಾಣಲಿಲ್ಲ. 2010-11ರಲ್ಲಿ 1,027 ಕೋಟಿ ರೂಪಾಯಿ ನಿವ್ವಳ ನಷ್ಟ; ಮರುವರ್ಷ ಅದು 2,328 ಕೋಟಿಗೆ ಏರಿತು. ಗಳಿಕೆ ಸಾಲದ ಬಡ್ಡಿಗೂ ಸಾಲುತ್ತಿರಲಿಲ್ಲ. ಸಂಚಿತ ನಷ್ಟ ಷೇರುದಾರರ ಬಂಡವಾಳವನ್ನೆಲ್ಲ ನುಂಗಿ, ನಿವ್ವಳ ಮೌಲ್ಯ ಋಣಾತ್ಮಕವಾಗಿತ್ತು. ಇಷ್ಟಾದರೂ 2011ರಲ್ಲಿ ಬ್ಯಾಂಕುಗಳು ತಮ್ಮ ಸಾಲದ ಒಂದು ಭಾಗವನ್ನು, ಪೇಟೆಯಲ್ಲಿ ಸುಮಾರು 40 ರೂಪಾಯಿ ಇದ್ದ ಷೇರಿಗೆ 64.48 ರೂಪಾಯಿಯ ದರ ಕಟ್ಟಿ, ಷೇರುಗಳಾಗಿ ಪರಿವರ್ತಿಸಿಕೊಂಡವು. 2012ರ ಅಕ್ಟೋಬರ್‌ನಲ್ಲಿ ವಿಮಾನಗಳು ನೆಲಕ್ಕಿಳಿದವು. 2016ರಲ್ಲಿ ಕರ್ನಾಟಕ ಹೈಕೋರ್ಟ್ ಸಂಸ್ಥೆಯ ಸಮಾಪನಕ್ಕೆ ಆದೇಶಿಸಿತು. ನಷ್ಟದ ವಿವರವೆಲ್ಲ ಅಚ್ಚಾಗಿ ಷೇರುದಾರರ ಮನೆಗೇ ತಲುಪಿತ್ತು. ಅದರ ಮೇಲೆ ಗೆದ್ದದ್ದು ಬ್ರ್ಯಾಂಡಿನ ವರ್ಚಸ್ಸು.

ಬಡ್ಡಿ ತೆರುವ ಶಕ್ತಿಯನ್ನು ಅಳೆಯುವುದು ಸುಲಭ. ಬಡ್ಡಿ ಮತ್ತು ತೆರಿಗೆಗೆ ಮೊದಲಿನ ಲಾಭವನ್ನು ಬಡ್ಡಿಯ ಮೊತ್ತದಿಂದ ಭಾಗಿಸಬೇಕು. ಉತ್ತರ ಒಂದಕ್ಕಿಂತ ಕಡಿಮೆಯಾದರೆ ಹಳೆಯ ಬಡ್ಡಿ ಕಟ್ಟಲು ಹೊಸ ಸಾಲವನ್ನೋ, ಆಸ್ತಿ ಮಾರಾಟವನ್ನೋ ಅವಲಂಬಿಸಬೇಕಾಗುತ್ತದೆ. ಜನಪ್ರಿಯವಾದ ಪಿ/ಇ ಅನುಪಾತ ಷೇರು ಬೆಲೆಯನ್ನು ಪ್ರತಿ ಷೇರಿನ ಗಳಿಕೆಗೆ ಹೋಲಿಸುತ್ತದೆಯಷ್ಟೆ, ಸಾಲದ ವಿಚಾರ ಹೇಳದು. ಹೋಲಿಕೆಯೂ ಒಂದೇ ಉದ್ಯಮದೊಳಗಿರಬೇಕು: ಸಾಲ ಪಡೆದು ಸಾಲ ಕೊಡುವುದೇ ಕಸುಬಾದ ಬ್ಯಾಂಕನ್ನು ಸಾಫ್ಟ್‌ವೇರ್ ಕಂಪನಿಯ ಅಳತೆಗೋಲಿನಿಂದ ಅಳೆಯಲಾಗದು.

ಲೆಕ್ಕವೇ ಸುಳ್ಳಾದರೆ? ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್‌ನಲ್ಲಿ ಆದದ್ದು ಅದೇ. ಪುಸ್ತಕದಲ್ಲಿದ್ದ 5,361 ಕೋಟಿ ರೂಪಾಯಿ ನಗದಿನಲ್ಲಿ 5,040 ಕೋಟಿ ಇಲ್ಲವೇ ಇಲ್ಲವೆಂದು ಅಧ್ಯಕ್ಷ ರಾಮಲಿಂಗ ರಾಜು 2009ರ ಜನವರಿ 7ರಂದು ಪತ್ರ ಬರೆದು ಒಪ್ಪಿಕೊಂಡರು. ಷೇರು ಒಂದೇ ದಿನ ಮುಕ್ಕಾಲು ಪಾಲಿಗೂ ಹೆಚ್ಚು ಬೆಲೆ ಕಳೆದುಕೊಂಡಿತು. ಅನುಪಾತಗಳ ಲೆಕ್ಕಾಚಾರ ಇಲ್ಲಿ ನೆರವಿಗೆ ಬರಲಿಲ್ಲವಾದರೂ ಬೇರೆ ಸುಳಿವಿತ್ತು. ಅದಕ್ಕೆ ಮೂರು ವಾರ ಮೊದಲಷ್ಟೇ, ರಾಜು ಕುಟುಂಬಕ್ಕೆ ಸೇರಿದ ಮೇಟಾಸ್ ಹೆಸರಿನ ಎರಡು ಕಂಪನಿಗಳನ್ನು 160 ಕೋಟಿ ಡಾಲರಿಗೆ ಕೊಳ್ಳಲು ಆಡಳಿತ ಮಂಡಳಿ ನಿರ್ಧರಿಸಿ, ಹೂಡಿಕೆದಾರರ ವಿರೋಧಕ್ಕೆ ಮಣಿದು ಕೈಬಿಟ್ಟಿತ್ತು.

ಪ್ರವರ್ತಕರು ತಮ್ಮ ಷೇರುಗಳನ್ನು ಅಡವಿಟ್ಟಿದ್ದರೆ ಬಹಿರಂಗಪಡಿಸಬೇಕೆಂದು ಸೆಬಿ ಕಡ್ಡಾಯ ಮಾಡಿದ್ದು ಈ ಹಗರಣದ ಬಳಿಕವೇ. ಆದಕಾರಣ ವಾರ್ಷಿಕ ವರದಿಯಲ್ಲಿ ಅಧ್ಯಕ್ಷರ ಭಾಷಣಕ್ಕಿಂತ ಮೊದಲು ಲೆಕ್ಕಪರಿಶೋಧಕರ ಆಕ್ಷೇಪಗಳನ್ನೂ, ಕುಟುಂಬದ ಕಂಪನಿಗಳೊಂದಿಗಿನ ವ್ಯವಹಾರದ ಟಿಪ್ಪಣಿಯನ್ನೂ ಓದುವುದು ಒಳಿತು. ಇವು ಸಾಮಾನ್ಯವಾಗಿ ಕೊನೆಯ ಪುಟಗಳ ಸಣ್ಣ ಅಕ್ಷರಗಳಲ್ಲಿರುತ್ತವೆ.